ಆರು ಇಟ್ಟರೆ ಯಾಕೆ ಮಲಗುತ್ತದೆ?

(ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ಶಾಲೆಯ ನಿವೃತ್ತ ಗಣಿತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈಗಷ್ಟೇ ನನಗೆ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ನಿರೂಪಣೆ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿ, 'ಈ ಸರ್ ಲೆಕ್ಕ ಹೇಳಿಕೊಟ್ಟರೆ ಕಲ್ಲಿಗೂ ತಿಳಿಯುತ್ತಿತ್ತು' ಎಂದಳು. ಮಾತು ಕೇಳಲು ಹಿತವಾಗಿದೆ. ಆದರೆ ಅದು ಪೂರ್ತಿ ನಿಜವಲ್ಲ. ಒಬ್ಬ ಹುಡುಗ ಕೇಳಿದ ಒಂದು ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಆ ಸಾಲವನ್ನು ಈ ವೇದಿಕೆಯ ಮೇಲೆ ತೀರಿಸಿ ಹೋಗಬೇಕೆಂದು ಬಂದಿದ್ದೇನೆ.

ಮೊದಲು ಒಂದು ಕೆಲಸ ಮಾಡಿ ತೋರಿಸುತ್ತೇನೆ. ಮಕ್ಕಳೇ, ನನ್ನ ಕೈಯಲ್ಲಿರುವುದು ಈ ಸಮಾರಂಭದ ಆಹ್ವಾನ ಪತ್ರಿಕೆ ಬಂದ ಉದ್ದ ಲಕೋಟೆ. ಇದರ ಬಾಯಿ ಅಂಟಿಸಿದ್ದೇನೆ. ಗಿಡ್ಡ ಅಂಚು ಕೆಳಗೆ ಬರುವಂತೆ ಹಿಡಿದಿದ್ದೇನೆ. ಎಡ ಬಲ ಕೂಡಿಸಿ ಮಡಿಸಿ, ನಡುವೆ ಒಂದು ಉದ್ದ ಗೆರೆ ಮೂಡಿಸಿದೆ. ಮಡಿಕೆ ಬಿಚ್ಚಿದೆ. ಈಗ ಕೆಳಗಿನ ಎಡ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಬಲ ಮೂಲೆಯನ್ನು ಎತ್ತಿ ನಡುಗೆರೆಯ ಮೇಲೆ ಕೂರಿಸುತ್ತೇನೆ. ಅದು ಕೂತ ಜಾಗಕ್ಕೆ ಒಂದು ಚುಕ್ಕೆ. ಆ ಚುಕ್ಕೆ ಮತ್ತು ಕೆಳಗಿನ ಎರಡು ಮೂಲೆ ಸೇರಿದರೆ ಸಮಬಾಹು ತ್ರಿಭುಜ. ಕೈವಾರವೂ ಬೇಕಾಗಲಿಲ್ಲ, ಕೋನಮಾಪಕವೂ ಬೇಕಾಗಲಿಲ್ಲ. ಯಾಕೆ ಎಂದು ಕೇಳಬೇಕು ನೀವು. ಬಲ ಮೂಲೆ ಎಡ ಮೂಲೆಯಿಂದ ಎಷ್ಟು ದೂರವಿತ್ತೋ, ಮಡಿಸಿದ ಮೇಲೂ ಅಷ್ಟೇ ದೂರವಿದೆ. ನಡುಗೆರೆಯ ಮೇಲೆ ಕೂತದ್ದರಿಂದ ಎರಡೂ ಮೂಲೆಗಳಿಗೆ ಸಮ ದೂರದಲ್ಲಿದೆ. ಹಾಗಾಗಿ ಮೂರು ಬಾಹುಗಳೂ ಸಮ.

ಇನ್ನು ಚುಕ್ಕೆಯ ಮಟ್ಟಕ್ಕೆ ಲಕೋಟೆಯನ್ನು ಅಡ್ಡ ಕತ್ತರಿಸುತ್ತೇನೆ. ಚುಕ್ಕೆಯಿಂದ ಎರಡೂ ಮೂಲೆಗಳಿಗೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಗಟ್ಟಿಯಾಗಿ ಮಡಿಸುತ್ತೇನೆ. ಕತ್ತರಿಸಿದ ಬಾಯಿ ತೆರೆದು, ಮುಂದಿನ ಹಾಳೆಯನ್ನೂ ಹಿಂದಿನ ಹಾಳೆಯನ್ನೂ ಚುಕ್ಕೆಯ ಹತ್ತಿರ ಹಿಡಿದು ದೂರ ಎಳೆಯುತ್ತೇನೆ. ಎರಡು ಪಕ್ಕಗಳು ತಾವೇ ಹತ್ತಿರ ಬಂದವು. ಬಾಯಿ ಮುಚ್ಚಿ ಅಂಟಿಸಿದರೆ, ನೋಡಿ, ನಾಲ್ಕು ಮುಖದ ಘನ. ಚತುರ್ಮುಖ ಘನ ಎಂದು ನಿಮ್ಮ ಪುಸ್ತಕದಲ್ಲಿರುವುದು ಇದೇ. ಯಾವ ಕಡೆ ಕೂರಿಸಿದರೂ ಒಂದೇ ರೂಪ. ಆ ಕಡೆ ಉಳಿದ ಲಕೋಟೆಯಿಂದ ಇನ್ನೊಂದು ಮಾಡಬಹುದು.

ಈ ವಿದ್ಯೆಯನ್ನು ನಾನು ಕಲಿತದ್ದು ಈ ಶಾಲೆ ಬಿಟ್ಟು ಹೋದ ಮೇಲೆ. ಕಲಿಯುವಂತೆ ಮಾಡಿದವನು ಈ ಶಾಲೆಯ ಹುಡುಗ.

ನಾನು ಇಲ್ಲಿಗೆ ಬಂದದ್ದು 1991ರ ಜೂನ್‌ನಲ್ಲಿ. ಆಗ ಈ ಆರ್‌ಸಿಸಿ ಕಟ್ಟಡ ಇರಲಿಲ್ಲ. ಹಂಚು ಹೊದಿಸಿದ ಮೂರು ಕೋಣೆಗಳಿದ್ದವು, ಮಳೆ ಬಂದರೆ ಎಂಟನೆಯ ತರಗತಿಯವರು ಒಂಬತ್ತನೆಯ ತರಗತಿಯ ಕೋಣೆಗೆ ಬಂದು ಕೂಡುತ್ತಿದ್ದರು. ಹತ್ತನೆಯ ತರಗತಿಯ ಗಣಿತದ ಫಲಿತಾಂಶ ಕಡಿಮೆ ಇತ್ತು. ಅದನ್ನು ಏರಿಸಬೇಕೆಂಬ ಹಟ ನನಗೆ. ವಯಸ್ಸು ಮೂವತ್ತು. ಹಟಕ್ಕೆ ಸಿಟ್ಟೂ ಜೊತೆಯಾಗಿತ್ತು.

ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ತಂದೆ ಸೋಮವಾರದ ಸಂತೆಯಲ್ಲಿ ಚುರುಮುರಿ, ಶೇಂಗಾ ಮಾರುತ್ತಿದ್ದರು. ಹುಡುಗ ಪಕ್ಕದಲ್ಲಿ ಕುಳಿತು ಹಳೆಯ ಪತ್ರಿಕೆಯ ಹಾಳೆಯಲ್ಲಿ ಪೊಟ್ಟಣ ಸುತ್ತುತ್ತಿದ್ದ. ನೋಡದೆಯೇ ಸುತ್ತುವಷ್ಟು ಬೆರಳು ಪಳಗಿದ್ದವು. ದೀಪಾವಳಿ ಬಂದರೆ ಓಣಿಯವರಿಗೆಲ್ಲ ಆಕಾಶಬುಟ್ಟಿ ಮಾಡಿಕೊಡುವವನೂ ಅವನೇ. ಬಿದಿರು ಕಡ್ಡಿಯಲ್ಲಿ ಚೌಕ, ತ್ರಿಕೋನ ಕಟ್ಟಿ, ಬಣ್ಣದ ಹಾಳೆ ಅಂಟಿಸಿ ಬುಟ್ಟಿ ಎಬ್ಬಿಸುತ್ತಿದ್ದ. ಆದರೆ ನನ್ನ ಪರೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತು ದಾಟುತ್ತಿರಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಆ ಇಪ್ಪತ್ತು ಮಾತ್ರ.

ಅರ್ಧವಾರ್ಷಿಕ ಪರೀಕ್ಷೆ ಹತ್ತಿರವಿದ್ದ ಒಂದು ದಿನ. ನಾನು ಕಪ್ಪು ಹಲಗೆಯ ಮೇಲೆ ಘನದ ಮೇಲ್ಮೈ ವಿಸ್ತೀರ್ಣದ ಸೂತ್ರ ಬರೆಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಗುಸುಗುಸು. ತಿರುಗಿ ನೋಡಿದರೆ ಆ ಹುಡುಗನ ಕೈಯಲ್ಲಿ ಒಂದು ಗುಂಡನೆಯ ವಸ್ತು. ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಯ ತ್ರಿಕೋನಗಳಾಗಿ ಕತ್ತರಿಸಿ, ಅನ್ನದ ಅಗುಳಿನಿಂದ ಅಂಟಿಸಿ ಮಾಡಿದ್ದು. ಒಂದೊಂದು ಮೂಲೆಗೂ ಐದೈದು ತ್ರಿಕೋನ ಕೂಡಿಸುತ್ತ ಹೋಗಿದ್ದಾನೆ, ಇಪ್ಪತ್ತು ಆಗುತ್ತಲೇ ಅದು ತಾನೇ ಮುಚ್ಚಿಕೊಂಡಿದೆ. ಯಾರೂ ಹೇಳಿಕೊಡದೆ ಅವನು ವಿಂಶತಿಮುಖ ಘನ ಮಾಡಿದ್ದ. ನನ್ನನ್ನು ಕಂಡು ಹೆದರಲಿಲ್ಲ. ಎದ್ದು ನಿಂತು, ಖುಷಿಯಿಂದಲೇ ಕೇಳಿದ:

"ಸರ, ಮೂರು ಇಟ್ರ ಚೂಪ ನಿಲ್ಲತೈತ್ರಿ. ನಾಕು ಇಟ್ರ ಸ್ವಲ್ಪ ತಗ್ಗತೈತ್ರಿ. ಐದು ಇಟ್ರ ಇನ್ನೂ ತಗ್ಗತೈತ್ರಿ. ಆರು ಇಟ್ರ ಯಾಕ ಮಲಗಿಬಿಡತೈತ್ರಿ?"

ನಾನು ಆ ವಸ್ತುವನ್ನು ಕಸಿದುಕೊಂಡೆ. "ಇದು ಪರೀಕ್ಷೆಗೆ ಬರ್ತದೇನೋ? ಬರೂದಿಲ್ಲ. ಕೂಡ್ರು" ಎಂದೆ. ಎರಡು ಕೈಯಲ್ಲಿ ಹಿಡಿದು ಮುದುಡಿ ಕಸದ ಬುಟ್ಟಿಗೆ ಹಾಕಿದೆ. ಒಣ ಹಪ್ಪಳ ಮುರಿದಂಥ ಸದ್ದಾಯಿತು. ತರಗತಿ ನಕ್ಕಿತು. ಅವನು ಕೂತ. ಆಮೇಲೆ ಇಡೀ ವರ್ಷದಲ್ಲಿ, ಅದರ ಮುಂದಿನ ವರ್ಷದಲ್ಲಿ, ಅವನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾದ. ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ.

ಫಲಿತಾಂಶ ಮಾತ್ರ ಆ ವರ್ಷ ಏರಿತ್ತು. ನನ್ನನ್ನು ಸನ್ಮಾನಿಸಿದರು.

ನಿಜ ಹೇಳಬೇಕೆಂದರೆ, ಅವನ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ನಾನು ಹೇಳದೆ ಹೋದದ್ದಲ್ಲ. ಅವನು ಕೇಳುವವರೆಗೆ ನನಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. 1998ರಲ್ಲಿ ಬೇರೆ ಊರಿಗೆ ವರ್ಗವಾಯಿತು. ಅಲ್ಲಿ ಒಂದು ಸಂಜೆ ಮಗಳಿಗೆ ರಟ್ಟಿನ ತ್ರಿಕೋನ ಕತ್ತರಿಸಿ ಕೊಡುತ್ತಿದ್ದಾಗ ಕೈ ತಾನಾಗಿ ಆರನ್ನು ಕೂಡಿಸಿತು. ಮಲಗಿಬಿಟ್ಟಿತು. ಅವನ ಮಾತು ಕಿವಿಯಲ್ಲಿ ಕೇಳಿಸಿತು. ಆ ರಾತ್ರಿ ಕುಳಿತು ಯೋಚಿಸಿದೆ. ಉತ್ತರ ಎರಡು ಸಾಲಿನದು.

ಸಮಬಾಹು ತ್ರಿಭುಜದ ಒಂದು ಕೋನ 60 ಡಿಗ್ರಿ. ಮೂರು ಕೂಡಿದರೆ 180, ನಾಲ್ಕು ಕೂಡಿದರೆ 240, ಐದು ಕೂಡಿದರೆ 300, ಆರು ಕೂಡಿದರೆ 360. ಒಂದು ಬಿಂದುವಿನ ಸುತ್ತ ಇರುವ ಜಾಗವೇ 360. ಆರು ತ್ರಿಕೋನ ಆ ಜಾಗವನ್ನು ಪೂರ್ತಿ ತುಂಬಿಬಿಡುತ್ತವೆ. ನಡುವೆ ಎಡೆ ಉಳಿದಿದ್ದರೆ ತಾನೇ, ಆ ಎಡೆಯನ್ನು ಮುಚ್ಚಲು ಕಾಗದ ಮೇಲೇಳುವುದು? ಎಡೆ ಇಲ್ಲ, ಏಳುವುದಿಲ್ಲ, ಮಲಗುತ್ತದೆ.

ಇಷ್ಟು ತಿಳಿದರೆ ಸಾಕು ಮಕ್ಕಳೇ, ಮುಂದಿನದೆಲ್ಲ ನೀವೇ ಬಿಡಿಸಬಹುದು. ಚೌಕದ ಕೋನ 90. ಮೂರು ಕೂಡಿದರೆ 270, ಘನ ಏಳುತ್ತದೆ. ನಾಲ್ಕು ಕೂಡಿದರೆ 360, ನೆಲಕ್ಕೆ ಹಾಸಿದ ಬಂಡೆಯಾಗುತ್ತದೆ. ಕ್ರಮ ಪಂಚಭುಜದ ಕೋನ 108. ಮೂರಕ್ಕೆ 324, ಹನ್ನೆರಡು ಮುಖದ ಘನ ಏಳುತ್ತದೆ. ನಾಲ್ಕು ಕೂಡಿಸುವ ಮಾತೇ ಇಲ್ಲ, 360 ಮೀರಿತು. ಷಡ್ಭುಜದ ಕೋನ 120. ಮೂರಕ್ಕೇ 360, ಜೇನುಗೂಡಿನ ಹಾಗೆ ಹರಡಿಕೊಂಡು ಮಲಗುತ್ತದೆ. ಅಲ್ಲಿಗೆ ಮುಗಿಯಿತು. ಎಲ್ಲ ಮುಖ ಒಂದೇ ಬಗೆಯ ಕ್ರಮ ಬಹುಭುಜವಾಗಿ, ಎಲ್ಲ ಮೂಲೆ ಒಂದೇ ಸಮನಾಗಿ, ಹೊರಕ್ಕೆ ಉಬ್ಬಿದ ಘನಗಳು ಜಗತ್ತಿನಲ್ಲಿ ಐದೇ ಐದು: ನಾಲ್ಕು ಮುಖದ್ದು, ಆರು ಮುಖದ್ದು, ಎಂಟು ಮುಖದ್ದು, ಹನ್ನೆರಡು ಮುಖದ್ದು, ಇಪ್ಪತ್ತು ಮುಖದ್ದು. ಸುಮಾರು 2300 ವರ್ಷಗಳ ಹಿಂದೆ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ 13 ಸಂಪುಟಗಳನ್ನು ಮುಗಿಸುವುದು ಇದೇ ಮಾತಿನಿಂದ. ಅಷ್ಟು ದೊಡ್ಡ ಗ್ರಂಥದ ಕೊನೆಯ ಮಾತನ್ನು ಸಂತೆಯಲ್ಲಿ ಪೊಟ್ಟಣ ಸುತ್ತುವ ಹುಡುಗ ನನ್ನ ಬೆಂಚಿನ ಮೇಲೆ ತಂದಿಟ್ಟಿದ್ದ. ನಾನು ಅದನ್ನು ಕಸದ ಬುಟ್ಟಿಗೆ ಹಾಕಿದ್ದೆ.

ಇನ್ನೊಂದು ಲೆಕ್ಕವಿದೆ. 360ಕ್ಕೆ ಎಷ್ಟು ಕಡಿಮೆ ಬೀಳುತ್ತದೆಯೋ ಅದನ್ನು ಆ ಮೂಲೆಯ ಕೊರತೆ ಎನ್ನೋಣ. ನನ್ನ ಕೈಯಲ್ಲಿರುವ ಈ ನಾಲ್ಕು ಮುಖದ ಘನಕ್ಕೆ ನಾಲ್ಕು ಮೂಲೆ. ಒಂದೊಂದರ ಕೊರತೆ 180, ಒಟ್ಟು 720. ಘನಕ್ಕೆ ಎಂಟು ಮೂಲೆ, ಒಂದೊಂದಕ್ಕೆ 90, ಒಟ್ಟು 720. ಎಂಟು ಮುಖದ್ದಕ್ಕೆ ಆರು ಮೂಲೆ, ಒಂದೊಂದಕ್ಕೆ 120, ಒಟ್ಟು 720. ಆ ಹುಡುಗನ ಇಪ್ಪತ್ತು ಮುಖದ್ದಕ್ಕೆ ಹನ್ನೆರಡು ಮೂಲೆ, ಒಂದೊಂದಕ್ಕೆ 60, ಒಟ್ಟು 720. ಹನ್ನೆರಡು ಮುಖದ್ದಕ್ಕೆ ಇಪ್ಪತ್ತು ಮೂಲೆ, ಒಂದೊಂದಕ್ಕೆ 36, ಮತ್ತೆ 720. ಇದನ್ನು ಮೊದಲು ಕಂಡವನು 17ನೆಯ ಶತಮಾನದ ಫ್ರಾನ್ಸಿನ ರೆನೆ ಡೆಕಾರ್ಟ್. ನಡುವೆ ತೂತಿಲ್ಲದ, ಸುತ್ತ ಮುಚ್ಚಿದ, ಹೊರಕ್ಕೆ ಉಬ್ಬಿದ ಯಾವ ಬಹುಮುಖ ಘನವನ್ನೇ ತನ್ನಿ, ಮೂಲೆಗಳ ಕೊರತೆ ಕೂಡಿಸಿದರೆ 720 ಡಿಗ್ರಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

'ಇದರಿಂದ ಹೊಟ್ಟೆಗೇನು ಬಂತು ಸರ್' ಎಂದು ಹಿಂದೆ ನಿಂತಿರುವ ಹಿರಿಯರು ಕೇಳಬಹುದು. ಒಂದು ಸಂಗತಿ ಹೇಳುತ್ತೇನೆ. 1985ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಕ್ರೊಟೊ, ರಿಚರ್ಡ್ ಸ್ಮಾಲಿ, ರಾಬರ್ಟ್ ಕರ್ಲ್ ಎಂಬ ವಿಜ್ಞಾನಿಗಳು ತಮ್ಮ ವಿದ್ಯಾರ್ಥಿಗಳ ಜೊತೆ ಇಂಗಾಲದ ಮೇಲೆ ಪ್ರಯೋಗ ಮಾಡುತ್ತಿದ್ದರು. 60 ಪರಮಾಣುಗಳು ಕೂಡಿಕೊಂಡ ಒಂದು ಗಟ್ಟಿ ಅಣು ಮತ್ತೆ ಮತ್ತೆ ಕಾಣಿಸಿತು. 60 ಪರಮಾಣುಗಳು ಹೇಗೆ ಜೋಡಿಕೊಂಡಿವೆ ಎಂಬುದು ತಿಳಿಯಲಿಲ್ಲ. ಸ್ಮಾಲಿ ಒಂದು ರಾತ್ರಿ ಮನೆಯಲ್ಲಿ ಕುಳಿತು ಕಾಗದದ ಷಡ್ಭುಜಗಳನ್ನು ಕತ್ತರಿಸಿ ಟೇಪಿನಿಂದ ಅಂಟಿಸತೊಡಗಿದರು. ಬರೀ ಷಡ್ಭುಜ ಇಟ್ಟರೆ ಮುಚ್ಚಿಕೊಳ್ಳಲೇ ಇಲ್ಲ. ಯಾಕೆಂದು ಈಗ ನೀವೇ ಹೇಳಬಲ್ಲಿರಿ: ಮೂರು 120 ಕೂಡಿದರೆ 360, ಮಲಗುತ್ತದೆ. ಕ್ರೊಟೊ ತಮ್ಮ ಮಕ್ಕಳಿಗಾಗಿ ಹಿಂದೆ ಮಾಡಿಕೊಟ್ಟಿದ್ದ ರಟ್ಟಿನ ನಕ್ಷತ್ರಗೋಳದಲ್ಲಿ ಪಂಚಭುಜಗಳೂ ಇದ್ದವೆಂದು ಹೇಳಿದ್ದು ಸ್ಮಾಲಿಗೆ ನೆನಪಾಯಿತು. ಪಂಚಭುಜ ಸೇರಿಸಿದರು. ಕಾಗದ ಬಟ್ಟಲಿನ ಹಾಗೆ ಬಾಗಿತು, ಕೊನೆಗೆ ಚೆಂಡಾಗಿ ಮುಚ್ಚಿಕೊಂಡಿತು. ಎಣಿಸಿದರೆ 60 ಮೂಲೆ. 12 ಪಂಚಭುಜ, 20 ಷಡ್ಭುಜ, ನಮ್ಮ ಫುಟ್‌ಬಾಲ್ ಇದ್ದ ಹಾಗೆ. ಆ ಶೋಧಕ್ಕೆ 1996ರಲ್ಲಿ ಮೂವರಿಗೂ ನೊಬೆಲ್ ಬಹುಮಾನ ಬಂತು. ಇದರ ಕೊರತೆಯನ್ನೂ ನೋಡಿ: ಒಂದು ಮೂಲೆಯಲ್ಲಿ 120, 120, 108, ಒಟ್ಟು 348. ಕೊರತೆ 12. ಮೂಲೆ 60. ಗುಣಿಸಿದರೆ 720.

ಆ ರಾತ್ರಿ ಸ್ಮಾಲಿಯವರನ್ನು ಕಾಡಿದ ಪ್ರಶ್ನೆಯೂ ನಮ್ಮ ಹುಡುಗನ ಪ್ರಶ್ನೆಯೂ ಒಂದೇ ಜಾತಿಯವು. ಸ್ಮಾಲಿಯವರ ಕಾಗದವನ್ನು ಯಾರೂ ಮುದುಡಲಿಲ್ಲ.

ಇದು ದೂರದ ದೇಶದವರ ವಿದ್ಯೆ ಎಂದೂ ತಿಳಿಯಬೇಡಿ. ಮದ್ರಾಸ್ ಪ್ರಾಂತದ ಕಂದಾಯ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಟಿ. ಸುಂದರ ರಾವ್ ಎಂಬವರು 1893ರಲ್ಲಿ ಮದ್ರಾಸಿನಿಂದ ಒಂದು ಪುಸ್ತಕ ಹೊರತಂದರು. ಕಾಗದ ಮಡಿಸುವುದರಿಂದಲೇ ರೇಖಾಗಣಿತ ಕಲಿಸುವ ಪುಸ್ತಕ ಅದು. ಚೌಕದಿಂದ ಆರಂಭಿಸಿ ಸಮಬಾಹು ತ್ರಿಭುಜ, ಪಂಚಭುಜ, ಷಡ್ಭುಜಗಳೆಲ್ಲ ಅದರಲ್ಲಿ ಮಡಿಕೆಗಳಿಂದ ಮೂಡುತ್ತವೆ. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಗ್ರಂಥದಲ್ಲಿ ಆ ಪುಸ್ತಕವನ್ನು ಹೆಸರಿಸಿದರು. 1901ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಅದು ಮರುಮುದ್ರಣವಾಯಿತು. ಹಗಲು ಸರ್ಕಾರಿ ಕಡತ ನೋಡುತ್ತಿದ್ದ ಒಬ್ಬ ಅಧಿಕಾರಿ ಕಾಗದದ ಚೂರಿನಲ್ಲಿ ಗಣಿತ ಕಂಡರು. ನಾನು ಗಣಿತದ ಮೇಷ್ಟ್ರಾಗಿ ಕಾಗದದ ಚೂರಿನಲ್ಲಿ ಕಸ ಕಂಡೆ.

ಈಗ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ನಿವೃತ್ತಿಯಾದ ಮರುವರ್ಷ, 2022ರಲ್ಲಿ, ಮನೆಯ ಮೇಲಿನ ನೀರಿನ ತೊಟ್ಟಿಗೆ ಮುಚ್ಚಳ ಮಾಡಿಸಬೇಕಿತ್ತು. ಮಳೆ ನೀರು ಜಾರಿ ಹೋಗುವಂತೆ ಇಳಿಜಾರಾದ ಮುಚ್ಚಳ. ಪತ್ರಾಸಿನ ಕೆಲಸ ಚೆನ್ನಾಗಿ ಮಾಡುವವರು ತಾಲ್ಲೂಕಿನ ಊರಿನಲ್ಲಿದ್ದಾರೆಂದು ಯಾರೋ ಹೇಳಿದರು. ಹೋದೆ. ಸಣ್ಣ ಶೆಡ್ಡು, ಇಬ್ಬರು ಹುಡುಗರು ಕೆಲಸಕ್ಕೆ. ಯಜಮಾನ ನಾನು ಹೇಳಿದ ಅಳತೆ ಕೇಳಿ, ಮೇಜಿನ ಕೆಳಗಿನಿಂದ ಒಂದು ಹಳೆಯ ಲಗ್ನಪತ್ರಿಕೆ ತೆಗೆದ. ಅದರ ಮೇಲೆ ಗೆರೆ ಎಳೆದು, ಒಂದು ಬೆಣೆಯಾಕಾರದ ಚೂರನ್ನು ಕತ್ತರಿಸಿ ತೆಗೆದು, ಅಂಚಿಗೆ ಅಂಚು ಕೂಡಿಸಿದ. ನನ್ನ ಮುಚ್ಚಳದ ಮಾದರಿ ಅವನ ಅಂಗೈ ಮೇಲೆ ಎದ್ದು ಕೂತಿತ್ತು. ಆ ಬೆರಳು ನೋಡಿದ ಕೂಡಲೇ ಗುರುತು ಹತ್ತಿತು. ಅವನು ನನ್ನನ್ನು ಆಗಲೇ ಗುರುತಿಸಿದ್ದ, ಹೇಳಿರಲಿಲ್ಲ ಅಷ್ಟೇ.

ನಾನೇ ಮಾತು ತೆಗೆದೆ. "ಅವತ್ತು ನಿನ್ನ ಪ್ರಶ್ನೆಗೆ ಉತ್ತರ ಹೇಳಲಿಲ್ಲಪ್ಪ" ಎಂದೆ. ಅವನು ನಕ್ಕ.

"ಅದು ನನಗ ಕೆಲಸದಾಗ ತಿಳೀತ್ರಿ ಸರ. ತಗಡು ತುಂಬ ಇದ್ರ ಏಳೂದಿಲ್ಲ. ಒಂದು ಚೂರು ಕತ್ತರಿಸಿ ತಗದ್ರನ ಏಳತೈತಿ."

ನನ್ನ ಎರಡು ಸಾಲಿನ ಉತ್ತರಕ್ಕಿಂತ ಅವನ ಉತ್ತರ ಚಿಕ್ಕದಾಗಿತ್ತು, ಮತ್ತು ಸರಿಯಾಗಿತ್ತು. ಚಹಾ ತರಿಸಿದ. ಹೊರಡುವಾಗ ಇನ್ನೊಂದು ಮಾತು ಹೇಳಿದ: "ಉತ್ತರ ನೀವು ಹೇಳಲಿಲ್ಲಂತ ನನಗ ಬ್ಯಾಸರ ಇಲ್ರಿ. ನಿಮಗ ಗೊತ್ತಿಲ್ಲಂತ ಹೇಳಿದ್ರೂ ನಡೀತಿತ್ತು. ಹುಡುಕೂಣು ಬಾ ಅಂದಿದ್ರ ನಾ ಸಾಲಿ ಬಿಡ್ತಿದ್ದಿಲ್ಲೇನೋ."

ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ದಿನ ಪಾಠವಾಯಿತು. ಅವನು ಬದುಕಿನಲ್ಲಿ ಸೋತವನಲ್ಲ. ಸ್ವಂತ ದುಡಿಮೆ, ಮಾನ, ಸಂಸಾರ ಎಲ್ಲ ಚೆನ್ನಾಗಿದೆ. ಹಾಗೆಂದು ನನ್ನ ತಪ್ಪು ಸಣ್ಣದಾಗುವುದಿಲ್ಲ. ಅವನು ತಗಡಿನ ಕೆಲಸ ಕಲಿತದ್ದು ತನ್ನ ಶ್ರಮದಿಂದ. ಗಣಿತ ಅವನಿಂದ ಕೈತಪ್ಪಿದ್ದು ನನ್ನಿಂದ.

ಅವರು ಈಗ ಈ ಸಭೆಯಲ್ಲಿ ಕುಳಿತಿದ್ದಾರೆ. ಹೆಸರು ಹೇಳಬಾರದೆಂದು ಮಾತು ತೆಗೆದುಕೊಂಡಿದ್ದಾರೆ, ಹೇಳುವುದಿಲ್ಲ. ಆದರೆ ಈ ಮೇಜಿನ ಮೇಲೆ ಬಟ್ಟೆ ಮುಚ್ಚಿಟ್ಟಿರುವುದು ಅವರು ಶಾಲೆಗೆ ಕೊಡುತ್ತಿರುವ ಕಾಣಿಕೆ: ತಗಡಿನಲ್ಲಿ ಮಾಡಿದ ಐದು ಘನಗಳು. ಕೈಗೆ ಚುಚ್ಚದಂತೆ ಅಂಚುಗಳನ್ನು ಉಜ್ಜಿ ನಯ ಮಾಡಿದ್ದಾರೆ. ಇವುಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ ಎಂಬುದೊಂದೇ ಅವರ ಷರತ್ತು. ಮಕ್ಕಳ ಕೈಗೆ ಸಿಗಬೇಕು.

ನನ್ನದೂ ಒಂದು ಬೇಡಿಕೆ ಇದೆ. ಊರಿನವರೇ, ಮದುವೆ ಮುಗಿದ ಮೇಲೆ ಲಗ್ನಪತ್ರಿಕೆಗಳನ್ನು ಒಲೆಗೆ ಹಾಕಬೇಡಿ, ಶಾಲೆಗೆ ಕಳಿಸಿ. ಅದಕ್ಕಿಂತ ಒಳ್ಳೆಯ ರಟ್ಟು ಬೇಕಿಲ್ಲ. ಮಕ್ಕಳೇ, ಮಡಿಸುವ ಗೆರೆಯ ಮೇಲೆ ಬರೆದು ಮುಗಿದ ರೀಫಿಲ್ಲಿನಿಂದ ಒಮ್ಮೆ ಒತ್ತಿ ಎಳೆಯಿರಿ, ಮಡಿಕೆ ನೇರ ಬರುತ್ತದೆ. ಅಂಟಿಗೆ ಮೈದಾ ಕುದಿಸಿಕೊಳ್ಳಿ, ಇಲ್ಲವೇ ಅನ್ನದ ಅಗುಳು ಸಾಕು. ಹೊರ ಅಂಚುಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಬೆರಳಗಲದ ಪಟ್ಟಿ ಉಳಿಸಿಕೊಳ್ಳಿ, ಅಂಟಿಸಲು ಬೇಕಾಗುತ್ತದೆ. ಘನವನ್ನು ಬಿಚ್ಚಿ ಹಾಸಿದರೆ ಆರು ಚೌಕದ ಒಂದು ಚಿತ್ರ ಸಿಗುತ್ತದೆ. ಹೀಗೆ ಘನಾಕೃತಿಗಳನ್ನು ಬಿಚ್ಚಿ ಹಾಸಿ ತೋರಿಸುವ ಚಿತ್ರಗಳನ್ನು ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲೇ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಘನಕ್ಕೆ ಅಂಥ ಬೇರೆ ಬೇರೆ ಚಿತ್ರಗಳು ಒಟ್ಟು 11 ಇವೆ. ತಿರುಗಿಸಿದ್ದು, ಮಗುಚಿದ್ದು ಬೇರೆ ಲೆಕ್ಕಕ್ಕಿಲ್ಲ. ಹನ್ನೊಂದನ್ನೂ ಹುಡುಕಿ. ನಾಲ್ಕು ಮುಖದ್ದಕ್ಕೆ ಎರಡೇ. ಇಪ್ಪತ್ತು ಮುಖದ್ದಕ್ಕೆ 43,380. ಅಷ್ಟನ್ನೂ ಹುಡುಕಲು ಹೋಗಬೇಡಿ, ಪರೀಕ್ಷೆ ತಪ್ಪೀತು.

ನನ್ನ ಸ್ಥಾನದಲ್ಲಿ ಈಗ ಪಾಠ ಮಾಡುತ್ತಿರುವ ಶಿಕ್ಷಕ ಮಿತ್ರರೇ, ಫಲಿತಾಂಶದ ಒತ್ತಡ ನಿಮಗೆ ನನಗಿಂತ ಹೆಚ್ಚೇ ಇದೆ, ಬಲ್ಲೆ. ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದಾಗ ಉತ್ತರ ಗೊತ್ತಿಲ್ಲದಿದ್ದರೆ 'ಹುಡುಕೋಣ ಬಾ' ಎನ್ನಿ. ಅದಕ್ಕೆ ಅರ್ಧ ನಿಮಿಷ ಸಾಕು.

ಕೊನೆಯದಾಗಿ, ಆ ಹುಡುಗನಿಗೆ, ಈಗ ಆ ಹಿರಿಯ ಕುಶಲಕರ್ಮಿಗೆ, ಈ ಸಭೆಯ ಎದುರು ಕ್ಷಮೆ ಕೇಳುತ್ತೇನೆ. ಮುದುಡಿದ್ದು ಇಡೀ ತರಗತಿಯ ಎದುರು, ಹಾಗಾಗಿ ಕ್ಷಮೆಯೂ ಎಲ್ಲರ ಎದುರೇ ಆಗಬೇಕು. ನನಗೆ ಹೊದಿಸಿದ ಈ ಶಾಲನ್ನು ಅವರಿಗೆ ಹೊದಿಸಲು ಅಧ್ಯಕ್ಷರು ಅಪ್ಪಣೆ ಕೊಡಬೇಕು.

ಈ ಲಕೋಟೆಯ ಘನ ಮುಂದಿನ ಸಾಲಿನ ಮಕ್ಕಳಿಗೆ. ಒಬ್ಬರಿಂದ ಒಬ್ಬರಿಗೆ ದಾಟಿಸಿ, ಮುದುಡದೆ ಹಿಂದಿನ ಸಾಲಿನವರೆಗೆ ಮುಟ್ಟಿಸಿ.